ಬಲೆಯಂಚಿನ ಅರಿಶಿನ

ಮೊನ್ನೆ ಮೊಮ್ಮಗನಿಗೆ ಹೊಸ ಅಂಗಿ ಬಂತು. ನನ್ನ ಹೆಂಡತಿ ರುಕ್ಮಿಣಿ ಅದನ್ನು ಸೀದಾ ಅಡುಗೆಮನೆಗೆ ಒಯ್ದು, ಒದ್ದೆ ಬೆರಳನ್ನು ಅರಿಶಿನದ ಡಬ್ಬಿಗೆ ಅದ್ದಿ, ಕಾಲರಿನ ಒಳಮಗ್ಗುಲಿಗೆ ಒಂದು ಬೊಟ್ಟು ಇಟ್ಟಳು.

"ಅಜ್ಜೀ, ಕಲೆ ಆಯ್ತು!" ಎಂದು ಹುಡುಗ ಕಿರುಚಿಕೊಂಡ.

"ಕಲೆ ಅಲ್ಲ ಕಣೋ. ಅರಿಶಿನ ಮುಟ್ಟಿಸ್ದೆ ಹೊಸ ಬಟ್ಟೆ ಹಾಕ್ಕೋಬಾರ್ದು," ಎಂದಳು.

ಅದೇ ಪೊಟ್ಟಣದಲ್ಲಿ ನನಗೂ ಒಂದು ಅಂಗಿಯಿತ್ತು. ಅದನ್ನು ಮಾತ್ರ ಅವಳು ಹಾಗೆಯೇ ಮಡಿಸಿ ಬೀರುವಿಗೆ ಇಟ್ಟಳು. ನನ್ನ ಬಟ್ಟೆಗೆ ಈ ಮನೆಯಲ್ಲಿ ಅರಿಶಿನ ಹಚ್ಚುವುದಿಲ್ಲ. ಇದೇನು ಶಾಸ್ತ್ರ ಎಂದು ನೀವು ಕೇಳಬಹುದು. ಶಾಸ್ತ್ರವೇನಿಲ್ಲ. ನಾನು ಒಂದು ದಿನ ಆಡಿದ ಮಾತು ಅಷ್ಟೇ. ಆ ಮಾತನ್ನು ಹೇಳಬೇಕಾದರೆ ಕೆರೆಯಿಂದ ಶುರು ಮಾಡಬೇಕು, ಕೆರೆಯನ್ನು ಹೇಳಬೇಕಾದರೆ ಮಗ್ಗದಿಂದ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಪಡಸಾಲೆಯ ಮುಕ್ಕಾಲು ಪಾಲನ್ನು ಮಗ್ಗ ನುಂಗಿತ್ತು. ಉಳಿದ ಕಾಲು ಪಾಲಿನಲ್ಲಿ ನಾವು ಉಂಡು, ಓದಿ, ಜಗಳವಾಡಿ, ಮಲಗುತ್ತಿದ್ದೆವು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಅಪ್ಪನ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ ಎಂದರೆ ಸುಳ್ಳಲ್ಲ. ಅಮ್ಮ ರಾಟೆಯ ಮುಂದೆ ಕೂತು ಲಾಳಿಗೆ ನೂಲು ಸುತ್ತುತ್ತಿದ್ದಳು. ಅವಳ ತಲೆಗೂದಲಲ್ಲಿ, ನಮ್ಮ ಸಾರಿನಲ್ಲಿ, ನನ್ನ ಪುಸ್ತಕದ ಹಾಳೆಗಳ ನಡುವೆ, ಎಲ್ಲೆಲ್ಲೂ ರೇಷ್ಮೆಯ ಒಂದೊಂದು ಎಳೆ. ಲಾಳಿಯ ಟಕ್ ಟಕ್ ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಈಗಲೂ ಮನೆ ತೀರಾ ಮೌನವಾದರೆ ನನಗೆ ನಿದ್ದೆ ಬರುವುದಿಲ್ಲ. ರುಕ್ಮಿಣಿ ಅದಕ್ಕೆ ವಯಸ್ಸು ಎನ್ನುತ್ತಾಳೆ.

ಇಂಥ ಮನೆಯಿಂದ ನಾನು ಬೆಂಗಳೂರಿಗೆ ಹೋಗಿ ಬಿ.ಎಸ್ಸಿ. ಸೇರಿದೆ. ಯುದ್ಧದ ಕಾಲ. ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ರಾಯರಿಗೆ ಹುಡುಗರು ಇಟ್ಟ ಹೆಸರು 'ಕೊಳದ ರಾಯರು'. ಬೇರೆ ಮೇಷ್ಟರೆಲ್ಲ ಕಪ್ಪೆಯನ್ನು ಬಟ್ಟಲಿನಲ್ಲಿ ಅಂಗಾತ ಮಲಗಿಸಿ ಕೊಯ್ದರೆ, ಇವರು ಕಪ್ಪೆ ಕೂತಿದ್ದ ಕೊಳದ ಪಕ್ಕದಲ್ಲಿ ತಾವೂ ಕೂರುತ್ತಿದ್ದರು. ಯಾವ ಜೀವ ಯಾವ ಜೀವದ ಜೊತೆ, ಯಾವ ನೀರಿನಲ್ಲಿ, ಯಾವ ಕಾಲಕ್ಕೆ ಹೇಗೆ ಬಾಳುತ್ತದೆ ಎನ್ನುವುದೇ ಅವರ ವಿದ್ಯೆ. ಅದಕ್ಕೆ ಎಕಾಲಜಿ ಎನ್ನುತ್ತಾರೆಂದು ನಾವು ಕೇಳಿದ್ದೇ ಅವರ ಬಾಯಲ್ಲಿ. ಮೇಲುಮಹಡಿಯಲ್ಲಿ ಅವರದೊಂದು ಪುಟ್ಟ ಲ್ಯಾಬು. ಬಿ.ಎಸ್ಸಿ. ಹುಡುಗರು ಅದರ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಸಂಶೋಧನೆಯೇನಿದ್ದರೂ ದೊಡ್ಡ ಡಿಗ್ರಿಯವರ ಬಾಬತ್ತು. ಆದರೆ ಯುದ್ಧ ಬಂದು ದೊಡ್ಡವರೆಲ್ಲ ಒಂದೊಂದು ಕೆಲಸಕ್ಕೆ ಚದುರಿಹೋಗಿ ಲ್ಯಾಬು ಭಣಗುಟ್ಟುತ್ತಿತ್ತು. ಹಾಗಾಗಿ ಒಂದು ದಿನ ರಾಯರು ನನ್ನನ್ನು ತಡೆದು ನಿಲ್ಲಿಸಿದರು.

"ಏನಯ್ಯಾ, ನಿಮ್ಮೂರಲ್ಲಿ ಕೆರೆ ಇದೆಯೇ?"

"ಇದೆ ಸಾರ್."

"ನೋಡಿದ್ದೀಯಾ?"

"ಹುಟ್ಟಿದಾಗಿನಿಂದ ನೋಡ್ತಿದ್ದೀನಿ ಸಾರ್."

"ನೋಡಿಲ್ಲ ಬಿಡು," ಎಂದರು. "ಬಾ, ತೋರಿಸ್ತೀನಿ."

ಆವತ್ತು ಅವರು ಮೈಕ್ರಾಸ್ಕೋಪಿನ ಕೆಳಗೆ ಕೊಳದ ಒಂದು ಹನಿ ನೀರಿಟ್ಟು ತೋರಿಸಿದರು. ಅದರಲ್ಲಿ ಏನೇನಿದ್ದವು ಅಂತೀರಿ! ಗಾಜಿನ ದೋಣಿಗಳು, ಹಸಿರು ಸರಗಳು, ಎದೆ ಡವಡವ ಎನ್ನುವುದು ಹೊರಗಿನಿಂದಲೇ ಕಾಣುವ ಪುಟಾಣಿ ನೀರುಚಿಗಟಗಳು. ನಾನು ಕಣ್ಣು ತೆಗೆಯಲಿಲ್ಲ. ಮಧ್ಯಾಹ್ನದ ಊಟ ತಪ್ಪಿಹೋದದ್ದು ಸಂಜೆ ನೆನಪಾಯಿತು. ಆ ಉತ್ತರದ ಕಿಟಕಿ, ಬೆಳಕು ಹಿಡಿಯಲು ತಿರುಗಿಸುವ ಆ ಪುಟ್ಟ ಕನ್ನಡಿ, ಹಿತ್ತಾಳೆಯ ತಣ್ಣನೆ ಮೈ, ಇವು ಇವತ್ತಿಗೂ ನನ್ನ ಕನಸಿಗೆ ಬರುತ್ತವೆ. ಆ ಲ್ಯಾಬಿನಲ್ಲೇ ಉಳಿದುಬಿಡಬೇಕು ಎನ್ನುವ ಆಸೆ ನನಗೆ ಅವತ್ತು ಹುಟ್ಟಿತು.

ಆಸೆಗೆ ರಾಯರೇ ದಾರಿ ತೋರಿಸಿದರು. ನಾನು ಪ್ರತಿ ಭಾನುವಾರ ನಮ್ಮೂರ ಕೆರೆಯ ನೀರನ್ನು ಸೋಸಿ, ಸಿಕ್ಕಿದ್ದನ್ನು ಸೀಸೆಗೆ ತುಂಬಿ ತರಬೇಕು. ವಾರವಿಡೀ ಬಿಡುವು ಸಿಕ್ಕಾಗಲೆಲ್ಲ ಎಣಿಸಿ, ಚಿತ್ರ ಬರೆದು, ಯಾವುದು ಯಾವಾಗ ಹೆಚ್ಚುತ್ತದೆ, ಯಾವಾಗ ಇಳಿಯುತ್ತದೆ ಎಂದು ಗುರುತು ಹಾಕಬೇಕು. ವರ್ಷದ ಕೊನೆಗೆ ಅವರು ಅದನ್ನು ವಿದ್ವಾಂಸರ ಸಭೆಯಲ್ಲಿ ಓದುತ್ತಾರೆ. "ಅದು ಚೆನ್ನಾಗಿ ಆಯ್ತೋ, ಪರೀಕ್ಷೆ ಮುಗಿದ ಮೇಲೆ ನಿನ್ನನ್ನ ಇಲ್ಲೇ ಇಟ್ಕೋತೀನಿ. ಒಂದು ಸ್ಥಾನ ಇದೆ, ಒಂದೇ," ಎಂದರು. ಇತ್ತ ಅಪ್ಪನದು ಬೇರೆ ಲೆಕ್ಕ. ಪರೀಕ್ಷೆ ಮುಗಿದ ಮೇಲೆ ಇಂಥದೊಂದು ಸ್ಥಾನ ಸಿಕ್ಕರೆ ಸರಿ, ಇಲ್ಲವಾದರೆ ಮನೆಯ ಎರಡನೆಯ ಮಗ್ಗ ನನಗಾಗಿ ಕಾದಿತ್ತು. ಗುಂಡಿ ಕೂಡ ತೋಡಿ ಆಗಿತ್ತು.

ಆದರೆ ಸೋಸುವುದಕ್ಕೆ ಬಲೆಯೇ ಇರಲಿಲ್ಲ. ಕಣ್ಣಿಗೆ ಕಾಣದ ಜೀವಗಳನ್ನು ಹಿಡಿಯುವ ಬಲೆ ಬಲು ನಯವಾದ ರೇಷ್ಮೆ ಬಟ್ಟೆಯದು. ಅದು ಕಡಲಾಚೆಯ ಸೀಮೆಯಿಂದ ಬರಬೇಕು. ಯುದ್ಧದಿಂದಾಗಿ ಹಡಗು ನಿಂತಿತ್ತು. ರಾಯರು ತಮ್ಮ ಹಳೆಯ ಬಲೆಯ ಒಂದು ಚಿಂದಿ ಕೊಟ್ಟು, "ಇಂಥದ್ದು ಎಲ್ಲಾದರೂ ಸಿಗುತ್ತಾ ನೋಡು" ಎಂದರು. ನಾನು ಅದನ್ನು ಊರಿಗೆ ತಂದು ಅಪ್ಪನ ಕೈಗಿಟ್ಟೆ. ಅಪ್ಪ ಬೆಳಕಿಗೆ ಹಿಡಿದರು, ಉಗುರಿನಿಂದ ಎಳೆ ಬಿಡಿಸಿದರು, ಮೂಸಿಯೂ ನೋಡಿದರು.

"ಇದ್ನ ಮಾಡೋಕೆ ಸೀಮೆಗ್ಯಾಕೆ ಹೋಗ್ಬೇಕ್ಲಾ?" ಎಂದರು.

ಊರಿನ ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗುತ್ತಿದ್ದ ಕಾಲ. ಅಪ್ಪ ಅಲ್ಲಿ ಇಲ್ಲಿ ಉಳಿದ ಎಳೆಗಳನ್ನು ಹೊಂದಿಸಿ, ಸೀರೆಯ ಕೆಲಸ ನಿಲ್ಲಿಸಿ, ನಾಲ್ಕು ದಿನ ಕೂತು ಎರಡು ಮೊಳ ಬಟ್ಟೆ ನೇಯ್ದರು. ಎದುರು ಹಿಡಿದರೆ ಬಟ್ಟೆಯಿದೆ ಎನ್ನುವುದೇ ಕಾಣುತ್ತಿರಲಿಲ್ಲ. ಅಮ್ಮ ಅದನ್ನು ಬೆತ್ತದ ಬಳೆಗೆ ಸುತ್ತಿ, ಅಂಚನ್ನು ಒಳಗೆ ಮಡಿಸಿ ಹೊಲಿದು, ಕೆಳಗೆ ಚೂಪಾಗಿ ಇಳಿಯುವ ಚೀಲ ಮಾಡಿಕೊಟ್ಟಳು. ರಾಯರು ಅದನ್ನು ನೋಡಿದವರೇ ತಮ್ಮ ತಲೆಯ ರುಮಾಲನ್ನು ಸರಿಮಾಡಿಕೊಂಡರು. ಅದು ಅವರು ಗೌರವ ತೋರಿಸುವ ರೀತಿ.

ಭಾನುವಾರಗಳು ಹೀಗೆ ಶುರುವಾದವು. ಬೆಳಗ್ಗೆ ಕೆರೆಯ ತೂಬಿನ ಕಟ್ಟೆಯ ಮೇಲೆ ನಿಂತು ಹಗ್ಗ ಕಟ್ಟಿದ ಬಲೆಯನ್ನು ಎಸೆಯುವುದು, ಎಳೆಯುವುದು. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಮುನಿಯಪ್ಪ ಬೀಡಿ ಹಚ್ಚಿಕೊಂಡು ನೋಡುತ್ತ ಕೂರುತ್ತಿದ್ದ.

"ಏನಪ್ಪಾ, ಮೀನೇನಾದ್ರೂ ಬಿತ್ತಾ?"

"ಮೀನಲ್ಲ ಮುನಿಯಪ್ಪಾ, ಅದಕ್ಕಿಂತ ಚಿಕ್ಕದು. ಕಣ್ಣಿಗೆ ಕಾಣಲ್ಲ."

"ಕಾಣದ್ನ ಹಿಡ್ಯಾಕೆ ಬೆಂಗ್ಳೂರ್ಗಂಟ ಹೋಗಿ ಓದ್ಬೇಕಾ? ನಮ್ಮೂರಲ್ಲಿ ಬಾಳ ಜನ ಓದ್ದೇನೇ ಹಿಡೀತವ್ರೆ!"

ಸೋಮವಾರ ಬೆಳಗಿನ ರೈಲಿನಲ್ಲಿ ಸೀಸೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ. ಒಂದು ಸಲ ಯಲಹಂಕದಲ್ಲಿ ಹತ್ತಿದ ಮುದುಕಿಯೊಬ್ಬರು ಕೈಮುಗಿದು, "ಕಾಶಿಯಿಂದ ಬರ್ತಿದ್ದೀಯೇನಪ್ಪಾ? ಒಂದ್ ಹನಿ ತೀರ್ಥ ಕೊಡು" ಎಂದರು. ಅದರಲ್ಲಿ ಜೀವಗಳು ಕೆಡದಂತೆ ಹಾಕಿದ ಫಾರ್ಮಲಿನ್ ಇತ್ತು. ಬೇಡಮ್ಮಾ, ಇದು ಕುಡಿಯುವ ತೀರ್ಥವಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಮಲ್ಲೇಶ್ವರ ಬಂದಿತ್ತು. ಪುಣ್ಯ ಹಂಚಿಕೊಳ್ಳದ ಲೋಭಿ ಎಂದು ಅವರು ನನ್ನನ್ನು ಬೈದುಕೊಂಡೇ ಇಳಿದರು.

ಈಗ ಆ ಹಳದಿಯ ವಿಷಯಕ್ಕೆ ಬರುತ್ತೇನೆ. ಮೊದಲ ಸೀಸೆಯಲ್ಲೇ ನನಗೆ ಅದು ಕಂಡಿತು. ಒಂದು ಪುಟ್ಟ ಹಳದಿ ಮುದ್ದೆ, ಅಂಚು ನುಣುಪು, ಒಳಗೆ ಮಸುಕು ಮಸುಕು. ರಾಯರಲ್ಲಿದ್ದ ಪುಸ್ತಕಗಳಲ್ಲಿ ಅದರ ಚಿತ್ರವಿರಲಿಲ್ಲ. ಯುದ್ಧ ಶುರುವಾದ ಮೇಲೆ ಹೊಸ ಪುಸ್ತಕವೂ ಬಂದಿರಲಿಲ್ಲ. ಅವರ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಬಹಳ ಹೊತ್ತು ನೋಡಿ, "ಯಾವುದೋ ಪಾಚಿ ಕಷ್ಟಕಾಲಕ್ಕೆ ಮೈ ಮುದುರಿಕೊಂಡು ಮಲಗಿರೋ ಸ್ಥಿತಿ ಇದು ಕಣಯ್ಯಾ. ಎಣಿಸ್ತಾ ಹೋಗು" ಎಂದರು. ಎಣಿಸುತ್ತಾ ಹೋದೆ. ಆಷಾಢದಲ್ಲಿ ತುಂಬ ಇದ್ದವು. ಶ್ರಾವಣ, ಭಾದ್ರಪದ ಕಳೆದಂತೆ ಇಳಿಯುತ್ತ ಬಂದವು. ನವರಾತ್ರಿ ಮುಗಿದ ಮೇಲಿನ ಸೀಸೆಯಲ್ಲಿ ಇದ್ದಕ್ಕಿದ್ದ ಹಾಗೆ ಹನಿಯೆಲ್ಲ ಹಳದಿ! ರಾಯರು ಗ್ರಾಫ್ ಹಾಳೆ ಹಿಡಿದು ಲ್ಯಾಬಿನ ತುಂಬ ಓಡಾಡಿದರು. "ಹಿಂಗಾರು ಬಿದ್ದು ಹೊಸನೀರು ಬಂದಿದೆ ನೋಡು, ಅದಕ್ಕೇ ಎದ್ದು ಕೂತಿದೆ! ಸಭೆಯಲ್ಲಿ ಇದನ್ನೇ ಮುಂದಿಟ್ಟು ಓದ್ತೀನಿ." ನನ್ನ ಚಿತ್ರವನ್ನು ಇಂಡಿಯನ್ ಇಂಕಿನಲ್ಲಿ ತಿದ್ದಿ ಗೋಡೆಗೆ ಅಂಟಿಸಿದರು. ಜೊತೆಯ ಹುಡುಗರು ನನ್ನನ್ನು 'ಹಳದಿ' ಎಂದೇ ಕರೆಯತೊಡಗಿದರು. ನನಗೆ ಅದು ಬಿರುದಿನಂತೆ ಕೇಳುತ್ತಿತ್ತು. ಆ ಒಂದೇ ಒಂದು ಸ್ಥಾನ ನನ್ನದಾದ ಹಾಗೆಯೇ ಎಂದು ಊರಲ್ಲೂ ಹೇಳಿಬಿಟ್ಟಿದ್ದೆ.

ಮಾರ್ಗಶಿರದ ಒಂದು ಶುಕ್ರವಾರ ಗಾಜಿನ ತುಣುಕುಗಳನ್ನು ತೊಳೆಯುತ್ತಿದ್ದೆ. ತೊಳೆಯುವ ಸೋಡಾದ ನೀರು ಒಂದು ಹನಿ, ಇನ್ನೂ ನೋಡಬೇಕಿದ್ದ ಗಾಜಿನ ಮೇಲೆ ಸಿಡಿಯಿತು. ಇರಲಿ ಎಂದು ಹಾಗೆಯೇ ಮೈಕ್ರಾಸ್ಕೋಪಿಗೆ ಇಟ್ಟೆ. ಹಳದಿ ಮುದ್ದೆಗಳೆಲ್ಲ ನನ್ನ ಕಣ್ಣೆದುರೇ ಕೆಂಪಾದವು.

ಆ ಕೆಂಪು ನನಗೆ ಚೆನ್ನಾಗಿ ಗೊತ್ತಿತ್ತು. ನಿಮಗೂ ಗೊತ್ತು. ಬಾಣಂತಿ ಮನೆಗೆ ಬಂದಾಗ, ಮದುಮಕ್ಕಳು ಹೊಸ್ತಿಲಲ್ಲಿ ನಿಂತಾಗ, ಅರಿಶಿನದ ನೀರಿಗೆ ಸುಣ್ಣ ಕಲಸಿ ತಟ್ಟೆಯಲ್ಲಿ ಆರತಿ ಎತ್ತುತ್ತಾರಲ್ಲ, ಆ ಕೆಂಪು. ಬಲೆಯನ್ನು ತೆಗೆದು ಬಾಯಂಚಿನ ಮಡಿಕೆಯ ಹೊಲಿಗೆ ಬಿಚ್ಚಿದೆ. ಒಳಗಡೆ, ರೇಷ್ಮೆಯ ಮೂಲೆಯಲ್ಲಿ, ಒಂದು ಹೆಬ್ಬೆರಳಿನ ಅಗಲ ಅರಿಶಿನ. ಹೊಸ ಬಟ್ಟೆ ಅರಿಶಿನವಿಲ್ಲದೆ ಮನೆ ದಾಟಬಾರದಲ್ಲ! ಆಯುಧಪೂಜೆಯ ದಿನ ಅಮ್ಮ ಮಗ್ಗದ ಪಕ್ಕದಲ್ಲಿ ನನ್ನ ಬಲೆಯನ್ನೂ ಇಟ್ಟು ಅರಿಶಿನ, ಕುಂಕುಮ ಹಚ್ಚಿ ಪೂಜೆ ಮಾಡಿದ್ದಳು. ಮಾರನೆಯ ದಿನ ನಾನು ಕುಂಕುಮವನ್ನು ಕರವಸ್ತ್ರದಿಂದ ಒರೆಸಿ, ಎಷ್ಟು ಎಚ್ಚರದ ವಿಜ್ಞಾನಿ ನಾನು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಮೊದಲ ಬೊಟ್ಟು ವಾರವಾರವೂ ಕೆರೆಯಲ್ಲಿ ಕರಗುತ್ತ ಬಂದಿತ್ತು, ಪೂಜೆಯ ಹೊಸ ಅರಿಶಿನ ಎಳೆಗಳ ಒಳಗೆ ಇಳಿದಿತ್ತು. ನಾನು ಆರು ತಿಂಗಳು ಕೂತು ಎಣಿಸಿದ್ದು ನಮ್ಮ ಕೆರೆಯ ಜೀವವನ್ನಲ್ಲ, ನಮ್ಮ ಅಡುಗೆಮನೆಯ ಡಬ್ಬಿಯನ್ನು.

ಸಭೆ ಎರಡು ವಾರದಲ್ಲಿತ್ತು. ಶನಿವಾರ ಊರಿಗೆ ಹೋದೆ. ಅಮ್ಮ ಎಂದಿನಂತೆ ನೀರು ಕೊಡಲು ಬಂದಳು. ಲೋಟ ತೆಗೆದುಕೊಳ್ಳಲಿಲ್ಲ.

"ಬಲೆಗೆ ಅರಿಶಿನ ಯಾಕಮ್ಮ ಹಚ್ದೆ?"

"ಹೊಸ ಬಟ್ಟೆ ಅಲ್ವೇನೋ ಮಗಾ. ಒಳ್ಳೇದಾಗ್ಲಿ ಅಂತ ಹಚ್ದೆ."

"ಒಳ್ಳೇದಾಯ್ತು! ನಿನ್ನ ಅರಿಶಿನದಿಂದ ಆರು ತಿಂಗಳ ಕೆಲಸ ಮಣ್ಣುಪಾಲಾಯ್ತು. ನಾಳೆ ನಾನು ಆ ಗುಂಡೀಲಿ ಕೂತು ಮಗ್ಗ ಹೊಡೀಬೇಕು. ಇನ್ಮೇಲೆ ನನ್ನ ಒಂದು ವಸ್ತುಗೂ ಆ ಹಾಳು ಅರಿಶಿನ ಮುಟ್ಟಿಸ್ಬೇಡ!"

ಅಮ್ಮ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಬೆರಳ ತುದಿ ಎಂದಿನಂತೆ ಹಳದಿಯಾಗಿತ್ತು. ಅದನ್ನು ಅವಳು ಸೀರೆಯ ನೆರಿಗೆಯಲ್ಲಿ ಮರೆಮಾಡಿಕೊಂಡಳು. ಆ ಚಿತ್ರ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಯಾವ ಇಂಕಿನಲ್ಲೂ ನಾನು ಅದನ್ನು ಬರೆಯಲಾರೆ.

ಆ ಭಾನುವಾರ ನಾನು ಕೆರೆಗೆ ಹೋಗಲಿಲ್ಲ. ಹೊಸದೊಂದು ಬಲೆ ಮಾಡಿಸಿಕೊಂಡು ಸುಮ್ಮನಿದ್ದುಬಿಟ್ಟರೆ ಹೇಗೆ ಎಂಬ ಯೋಚನೆ ಬಂದದ್ದು ನಿಜ. ಹಳದಿ ತಾನಾಗಿಯೇ ಮಾಯವಾಗುತ್ತದೆ. ರಾಯರು ಅದಕ್ಕೂ ಒಂದು ಕಾರಣ ಕಂಡುಹಿಡಿಯುತ್ತಾರೆ. ಸ್ಥಾನವೂ ಉಳಿಯುತ್ತದೆ. ನಾನು ಅಮ್ಮನ ಮೇಲೆ ಕೂಗಾಡಿದ್ದೆಲ್ಲ ಅಪ್ಪನಿಗೆ ಕೇಳಿಸಿತ್ತು. ಮಗ್ಗದಿಂದ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಬೆನ್ನೇ ಮಾತಾಡಿತು:

"ಸೀರೇಲಿ ಎಳೆ ತಪ್ಪಿದ್ರೆ ನಾವೇನ್ ಮಾಡ್ತೀವ್ಲಾ?"

ನನಗೆ ಗೊತ್ತಿತ್ತು. ಸೀರೆಯನ್ನು ಗಿರಾಕಿಯ ಮುಂದೆ ಬಿಡಿಸಿ, ತಪ್ಪಿದ ಜಾಗಕ್ಕೆ ಬೆರಳಿಟ್ಟು ತೋರಿಸಿ, ಆಮೇಲೆ ಮಡಿಸಿ ಕೊಡುವುದು ನಮ್ಮ ಮನೆಯ ಪದ್ಧತಿ. ಗಿರಾಕಿ ಬೇಡ ಎಂದರೆ ಅಪ್ಪ ಅದನ್ನು ಹೊತ್ತುಕೊಂಡು ವಾಪಸ್ಸು ಬರುತ್ತಿದ್ದರು.

ಸೋಮವಾರ ರಾಯರ ಮುಂದೆ ಬಲೆಯ ಅಂಚು ಬಿಡಿಸಿಟ್ಟೆ, ಬೆರಳಿಟ್ಟು ತೋರಿಸಿದೆ. ಅವರು ಲ್ಯಾಬಿನ ಅಟೆಂಡರನ ಎಲೆಅಡಿಕೆ ಚೀಲದಿಂದ ಸುಣ್ಣ ತರಿಸಿ ತಾವೇ ಸವರಿದರು. ಕೆಂಪಗೆ ಅರಳಿತು. ಆಮೇಲೆ ಗೋಡೆಯ ಚಿತ್ರವನ್ನು ಕಿತ್ತು ತಂದು, ಎದುರಿನ ಮೈಕ್ರಾಸ್ಕೋಪಿನ ಹಿತ್ತಾಳೆಯನ್ನು ದಿಟ್ಟಿಸಿದರು. ಅದರ ಹಣೆಯ ಮೇಲೂ ಆಯುಧಪೂಜೆಯ ಗಂಧ, ಕುಂಕುಮ, ಅರಿಶಿನ ಒಣಗಿ ಕೂತಿದ್ದವು. ಇಟ್ಟವರು ಅವರೇ.

"ಇದನ್ನ ಮೂಗಿನ ಮುಂದೆ ಇಟ್ಕೊಂಡು ನನಗೂ ಹೊಳೀಲಿಲ್ಲವಲ್ಲಯ್ಯಾ," ಎಂದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲವೂ ನಗುವಿನ ನೀರಾಗಿರಲಿಲ್ಲ. ಸಭೆಗೆ ಹೋಗಲಿಲ್ಲ. "ಮೊದಲಿಂದ ಶುರು ಮಾಡು. ಒಂದು ವರ್ಷ ಹಿಡಿಯುತ್ತೆ. ಅಲ್ಲಿವರೆಗೂ ಆ ಸ್ಥಾನ ಖಾಲಿ ಇಡ್ತೀನಿ, ಯಾರು ಬೈದರೂ ಸರಿ," ಎಂದರು.

ಹಾಗೆ ನಾನು ಉಳಿದುಕೊಂಡೆ. ಮನೆಯ ಎರಡನೆಯ ಮಗ್ಗದಲ್ಲಿ ನನ್ನ ತಮ್ಮ ಕೂತ. ರಾಯರ ನಂತರ ಆ ಕಿಟಕಿ, ಆ ಕನ್ನಡಿ ನನ್ನ ಪಾಲಿಗೆ ಬಂದವು. ಯುದ್ಧ ಮುಗಿದು ಸೀಮೆಯ ಬಲೆಗಳು ಮತ್ತೆ ಬಂದವು, ಬಲು ಶುದ್ಧವಾದವು. ಅವುಗಳಿಂದ ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಎಷ್ಟೋ ಕೆರೆಗಳನ್ನು ಸೋಸಿದೆ. ಹನಿಯ ಮೇಲೆ ಕಣ್ಣಿಟ್ಟಾಗಲೆಲ್ಲ ಮೊದಲು ಒಂದು ಹಳದಿ ಚುಕ್ಕೆಯನ್ನು ಹುಡುಕುತ್ತಿದ್ದೆ. ನಗಬೇಡಿ. ಒಂದಾದರೂ ಸಿಕ್ಕಿದ್ದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತೋ!

ಅಮ್ಮ ಮಾತ್ರ ಅವತ್ತಿನಿಂದ ನನ್ನ ಬಟ್ಟೆಗೆ ಅರಿಶಿನ ಹಚ್ಚಲಿಲ್ಲ. ಕೆಲಸ ಸಿಕ್ಕಿದ ಖುಷಿಗೆ ಹೊಲಿಸಿದ ಕೋಟಿಗೂ ಇಲ್ಲ, ದೀಪಾವಳಿಯ ಪಂಚೆಗೂ ಇಲ್ಲ. ತಮ್ಮನ ಬಟ್ಟೆಗೆ ಹಚ್ಚುವಳು, ನನ್ನದನ್ನು ಹಾಗೆಯೇ ಕೊಡುವಳು. ಹಚ್ಚಮ್ಮ ಎಂದು ಕೇಳಬೇಕೆಂದು ಪ್ರತಿ ಹಬ್ಬಕ್ಕೂ ಅಂದುಕೊಳ್ಳುತ್ತಿದ್ದೆ. ನಾಚಿಕೆಯೋ ಸೊಕ್ಕೋ, ನಾಲಿಗೆ ಏಳಲಿಲ್ಲ. ಒಂದು ಹಬ್ಬದ ದಿನ ಅವಳ ಹಳೇ ಸೀರೆಯ ಸೆರಗಿನ ತುದಿಯಲ್ಲಿ ಹಳದಿ ಕಂಡು, "ಏನಮ್ಮಾ, ಹಬ್ಬದ ದಿನಾನೂ ಕಲೆ ಸೀರೆ?" ಎಂದು ಗೇಲಿ ಮಾಡಿದ್ದೆ. "ಅಡ್ಗೆಮನೆ ಅಂದ್ರೆ ಆಗ್ತದೆ ಕಣೋ," ಎಂದಿದ್ದಳು. ಅವಳು ಹೋಗಿ ಎಷ್ಟೋ ವರ್ಷಗಳಾದವು.

ಮೊನ್ನೆ ಮೊಮ್ಮಗ ಅಂಗಿ ತೊಟ್ಟು ಆಡಲು ಓಡಿದ ಮೇಲೆ, ಬೀರುವಿನಿಂದ ನನ್ನ ಅಂಗಿ ತೆಗೆದು ರುಕ್ಮಿಣಿಯ ಮುಂದೆ ಹಿಡಿದೆ. "ಇದಕ್ಕೂ ಒಂಚೂರು ಹಚ್ಚು," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅತ್ತೆ ಬೇಡ ಅಂದಿದ್ರಲ್ರೀ."

"ಅಮ್ಮಾನಾ? ನಿನಗೆ ಯಾವಾಗ ಹೇಳಿದ್ಳು?"

"ನಾನು ಮದುವೆಯಾಗಿ ಬಂದ ವಾರಾನೇ. 'ಅವನ ಬಟ್ಟೆಗೆ ಅರಿಶಿನ ಮುಟ್ಟಿಸ್ಬೇಡ ತಾಯಿ, ಅವನ ಕೆಲಸ ಕೆಡ್ತದೆ' ಅಂದ್ರು. 'ಹಚ್ದೆ ಇದ್ರೆ ಮನ್ಸು ತಡೆಯಲ್ವಲ್ಲ ಅತ್ತೆ' ಅಂದೆ. 'ನಂಗೂ ತಡೆಯಲ್ಲ' ಅಂದ್ರು. ನಿಮಗೆ ಹೊಸ ಬಟ್ಟೆ ಬಂದ ದಿನ ಅವರು ಅದನ್ನ ಮಡಿಲಲ್ಲಿ ಇಟ್ಕೊಂಡು, ಅದರ ಬದಲು ತಮ್ಮ ಸೀರೆ ಸೆರಗಿಗೆ ಒಂದು ಬೊಟ್ಟು ಹಚ್ಕೋತಿದ್ರು. 'ಅವ್ನಿಗೆ ಹೇಳ್ಬೇಡ, ನಗ್ತಾನೆ' ಅಂದಿದ್ರು."

ಅಂಗಿ ನನ್ನ ಕೈಯಲ್ಲೇ ಇತ್ತು. ಕಣ್ಣಿಗೆ ಕಾಣದ್ದನ್ನು ಹುಡುಕಿ ಎಣಿಸುವುದರಲ್ಲಿ ಬದುಕು ಸವೆಸಿದವನು ನಾನು. ಆ ಸೆರಗು ದಿನವೂ ನನ್ನ ಎದುರಿಗೇ ಓಡಾಡುತ್ತಿತ್ತು.

ನೋಡಿಲ್ಲ ಬಿಡು ಎಂದು ರಾಯರು ಮೊದಲ ದಿನವೇ ಹೇಳಿದ್ದರು.